ಇಪ್ಪತ್ತು ವರ್ಷಕ್ಕೊಮ್ಮೆ ಮನೆ ಬದಲಿಸುವ ದೇವರು

ನಮ್ಮ ಬಡಾವಣೆಯ ವಾಚನಾಲಯದವರು ತಿಂಗಳಿಗೊಮ್ಮೆ ಯಾರನ್ನಾದರೂ ಹಿಡಿದು ಮಾತಾಡಿಸುತ್ತಾರೆ. ಈ ಸಲ ಸಿಕ್ಕಿಬಿದ್ದವನು ನಾನು. ಆವತ್ತು ಆಡಿದ್ದನ್ನು ಬರೆದುಕೊಡಿ ಎಂದು ಕೇಳಿದರು, ಬರೆದಿದ್ದೇನೆ. ಸಭೆಯಲ್ಲಿ ಬಂದ ಒಂದೆರಡು ಪ್ರಶ್ನೆಗಳೂ ಮಾತಿನ ನಡುವೆಯೇ ಸೇರಿಕೊಂಡಿವೆ.

ಎಲ್ಲರಿಗೂ ನಮಸ್ಕಾರ.

ಮೊದಲೇ ಹೇಳಿಬಿಡುತ್ತೇನೆ, ನಾನು ಧರ್ಮಶಾಸ್ತ್ರ ಓದಿದವನಲ್ಲ. ಕಂಬ, ತೊಲೆ, ತಳಪಾಯಗಳ ಲೆಕ್ಕ ಹಾಕಿ ಸಂಸಾರ ತೂಗಿಸಿದವನು. 2010ರಿಂದ ನಾಲ್ಕು ವರ್ಷ ಕೆಲಸದ ಮೇಲೆ ಜಪಾನಿನ ನಾಗೊಯಾದಲ್ಲಿದ್ದೆ. ಅಲ್ಲಿಂದ ರೈಲು ಹತ್ತಿ ಹೆಚ್ಚುಕಡಿಮೆ ಒಂದೂವರೆ ಗಂಟೆ ಹೋದರೆ ಇಸೆ ಎಂಬ ಊರು. ಜಪಾನಿನ ಮೂಲಮತವಾದ ಶಿಂತೊದ ದೇಗುಲಗಳಲ್ಲೆಲ್ಲ ಹಿರಿಯದು ಅಲ್ಲಿದೆ. ಒಂದಲ್ಲ, ಸಣ್ಣದು ದೊಡ್ಡದು ಸೇರಿ 125 ಗುಡಿಗಳು. ಅವುಗಳಲ್ಲಿ ಮುಖ್ಯವಾದವು ಎರಡು. ಒಳಗುಡಿ ನಾಯ್ಕೂ, ಅದು ಸೂರ್ಯದೇವತೆ ಅಮತೆರಾಸುವಿನದು. ಹೊರಗುಡಿ ಗೆಕೂ, ಅದು ಅನ್ನದ ದೇವತೆ ತೊಯೊಉಕೆಯದು.

ಮೊದಲ ಸಲ ಹೋದಾಗ ನನಗೆ ಆದದ್ದು ನಿರಾಶೆ. ಕಲ್ಲಿನ ಗುಡಿ ನೋಡಿ ಬೆಳೆದ ಕಣ್ಣು ನನ್ನದು. ಮರದ ಸೇತುವೆ ದಾಟಿ, ಜಲ್ಲಿಕಲ್ಲಿನ ದಾರಿಯಲ್ಲಿ ಕರಕರ ಸದ್ದು ಮಾಡುತ್ತ ನಡೆದು, ಇಬ್ಬರು ತಬ್ಬಿದರೂ ಕೈಗೆ ಸಿಗದ ಮರಗಳ ನಡುವೆ ಹಾದು, ಮೆಟ್ಟಿಲು ಹತ್ತಿ ನಿಂತೆ. ಎದುರಿಗೆ ಮರದ ಬೇಲಿ, ಅದರ ಬಾಗಿಲಿಗೊಂದು ಬಿಳಿ ಪರದೆ. ಮುಗಿಯಿತು! ಗುಡಿಯ ಸುತ್ತ ನಾಲ್ಕು ಸುತ್ತು ಬೇಲಿ ಇದೆ, ನಮ್ಮಂಥವರಿಗೆ ಎರಡನೆಯದರ ಬಾಗಿಲವರೆಗೆ ಮಾತ್ರ ಪ್ರವೇಶ. ಒಮ್ಮೊಮ್ಮೆ ಗಾಳಿ ಬಂದು ಪರದೆ ಎತ್ತಿದಾಗ ಆಚೆ ಬೆಳ್ಳಗಿನ ಕಲ್ಲು ಹಾಸಿದ ಅಂಗಳ ಕಾಣುತ್ತದೆ. ಮರಗಳ ಮರೆಯಿಂದ ಹುಲ್ಲಿನ ಮಾಡಿನ ನೆತ್ತಿ ಕಾಣುತ್ತದೆ. ಪಕ್ಕದಲ್ಲಿದ್ದ ಜನ ಕೋಟು ಬಿಚ್ಚಿ ಕೈಮೇಲೆ ಹಾಕಿಕೊಂಡು, ಬಾಗಿ, ಚಪ್ಪಾಳೆ ತಟ್ಟಿ, ಮತ್ತೆ ಬಾಗಿ ಹೊರಟುಹೋದರು. ಅದರಲ್ಲಿ ಯಾರಿಗೂ ಏನೂ ಕೊರತೆ ಆದಂತೆ ಕಾಣಲಿಲ್ಲ.

ವಾಪಸ್ ಬರುವಾಗ ಪಕ್ಕದಲ್ಲಿ ಇನ್ನೊಂದು ಜಾಗ ಕಣ್ಣಿಗೆ ಬಿತ್ತು. ಅದೂ ಅಷ್ಟೇ ಅಳತೆಯದು, ಬೇಲಿ ಹಾಕಿ ಒಳಗೆ ಏನೋ ಕಟ್ಟುತ್ತಿದ್ದರು. ಜೊತೆಗಿದ್ದ ಸಹೋದ್ಯೋಗಿ ಆ ಊರಿನವನೇ. ‘ಅದು ಹೊಸದು, 2013ಕ್ಕೆ ಮುಗಿಯುತ್ತೆ. ಆಮೇಲೆ ನೀನು ಈಗ ಕೈಮುಗಿದೆಯಲ್ಲ, ಅದನ್ನು ಬಿಚ್ಚಿಹಾಕ್ತಾರೆ’ ಅಂದ. ಏನಾಗಿದೆ ಇದಕ್ಕೆ, ಬಿರುಕು ಬಿಟ್ಟಿದೆಯಾ ಅಂತ ಕೇಳಿದೆ. ಕಸುಬಿನವನ ಪ್ರಶ್ನೆ ಅದು. ‘ಏನೂ ಆಗಿಲ್ಲ. ಇಪ್ಪತ್ತು ವರ್ಷ ಆಯ್ತಲ್ಲ’ ಅಂದ. ಇವತ್ತು ಹೇಳಬೇಕೆಂದು ಬಂದಿರುವುದು ಹೆಚ್ಚಾಗಿ ಆ ಉತ್ತರದ ಕಥೆಯನ್ನೇ. ಅದಕ್ಕೆ ಮುಂಚೆ ಶಿಂತೊ ಎಂದರೇನು, ಸಾಮಾನ್ಯ ದೇಗುಲ ಹೇಗಿರುತ್ತದೆ ಎಂಬುದನ್ನು ಸ್ವಲ್ಪ ಹೇಳಬೇಕು.

ಶಿಂತೊ ಮತಕ್ಕೆ ಸ್ಥಾಪಕ ಇಲ್ಲ. ಇದನ್ನು ನಂಬಿದರೆ ಒಳಗೆ, ನಂಬದಿದ್ದರೆ ಹೊರಗೆ ಎಂಬ ಗ್ರಂಥವೂ ಇಲ್ಲ. ಪುರಾಣಗಳಿವೆ, ಅವು 712ರಲ್ಲಿ ಸಿದ್ಧವಾದ ಕೊಜಿಕಿ, 720ರ ನಿಹೊನ್ ಶೊಕಿ ಎಂಬ ಎರಡು ಪುಸ್ತಕಗಳಲ್ಲಿ ಸೇರಿವೆ. ಅವರು ‘ಕಾಮಿ’ ಎನ್ನುವುದನ್ನು ನಾವು ‘ದೇವರು’ ಎಂದು ಅನುವಾದಿಸಿ ಕೈತೊಳೆದುಕೊಳ್ಳುತ್ತೇವೆ, ಆದರೆ ಅದು ಅಷ್ಟಕ್ಕೆ ನಿಲ್ಲುವುದಿಲ್ಲ. ಇಸೆಯ ಪಕ್ಕದಲ್ಲೇ ಮತ್ಸುಸಾಕ ಎಂಬ ಊರಿದೆ. ಅಲ್ಲಿ ಮೊತೊಓರಿ ನೊರಿನಾಗ ಎಂಬ ವೈದ್ಯನಿದ್ದ, 1730ರಿಂದ 1801ರವರೆಗೆ ಬದುಕಿದ್ದವನು. ಹಗಲು ನಾಡಿ ಹಿಡಿದು, ರಾತ್ರಿ ಕೊಜಿಕಿಗೆ ಟೀಕೆ ಬರೆದ. ಮೂವತ್ತಕ್ಕೂ ಹೆಚ್ಚು ವರ್ಷ ಅದೇ ಕೆಲಸ. ಕಾಮಿ ಎಂದರೇನು ಎಂಬುದಕ್ಕೆ ಅವನು ಕೊಟ್ಟ ವಿವರಣೆಯ ಸಾರ ಇಷ್ಟು: ಮಾಮೂಲಿಗಿಂತ ಮೀರಿದ್ದು, ನೋಡಿದರೆ ಮೈ ಝುಂ ಎನ್ನಿಸುವಂಥದ್ದು ಯಾವುದಾದರೂ ಕಾಮಿ. ಮನುಷ್ಯ ಆಗಬಹುದು, ಬೆಟ್ಟ, ಸಮುದ್ರ, ಮರ, ಹುಲಿ, ತೋಳ, ನರಿ ಆಗಬಹುದು. ಒಳ್ಳೆಯದೇ ಆಗಿರಬೇಕೆಂದೇನಿಲ್ಲ, ಕೆಡುಕಿನದ್ದೂ ಕಾಮಿಯೇ. ನನಗೆ ಈ ವಿವರಣೆ ಇಷ್ಟ, ಯಾಕೆಂದರೆ ಇದರಲ್ಲಿ ದೇವರ ಸದ್ಗುಣಗಳ ಪಟ್ಟಿ ಇಲ್ಲ. ಎದುರಿಗೆ ನಿಂತವನಿಗೆ ಏನಾಗುತ್ತದೆ ಎಂಬುದಷ್ಟೇ ಇದೆ.

ಹಾಗಾಗಿ ಕೆಲವು ಕಡೆ ಗರ್ಭಗುಡಿಯೇ ಇರುವುದಿಲ್ಲ. ನಾರಾ ಸೀಮೆಯ ಓಮಿವಾ ದೇಗುಲಕ್ಕೆ ಹೋದರೆ ಪ್ರಾರ್ಥನೆಯ ಮಂಟಪ ಇದೆ, ಅದರ ಹಿಂದೆ ನೇರವಾಗಿ ಮಿವಾ ಬೆಟ್ಟ. ಬೆಟ್ಟವೇ ದೇವರು, ಅದಕ್ಕೊಂದು ಕೋಣೆ ಯಾಕೆ? ನಾಚಿಯಲ್ಲಿ 133 ಮೀಟರ್ ಎತ್ತರದಿಂದ ಧುಮುಕುವ ಜಲಪಾತಕ್ಕೇ ಕೈಮುಗಿಯುತ್ತಾರೆ. ಗರ್ಭಗುಡಿ ಇರುವ ಕಡೆಯೂ ಒಳಗೆ ಕಾಮಿ ಬಂದು ನೆಲಸುವ ವಸ್ತು ಒಂದಿರುತ್ತದೆ, ಕನ್ನಡಿಯೋ ಕತ್ತಿಯೋ ಕಲ್ಲೋ. ಅದನ್ನು ಜನಕ್ಕೆ ತೋರಿಸುವುದಿಲ್ಲ. ದರ್ಶನ ಎಂಬ ಕಲ್ಪನೆಯೇ ಇಲ್ಲಿಲ್ಲ. ಎಷ್ಟೋ ಅರ್ಚಕರೂ ತಮ್ಮ ಗುಡಿಯ ಒಳಗಿನ ವಸ್ತುವನ್ನು ಕಣ್ಣಾರೆ ನೋಡಿರುವುದಿಲ್ಲ.

ಜಪಾನಿನಲ್ಲಿ ಇಂಥ ದೇಗುಲಗಳು ಸುಮಾರು 80 ಸಾವಿರ ಇವೆ. ಎಲ್ಲದಕ್ಕೂ ಮುಂದೆ ತೊರೀ ಎಂಬ ಕಮಾನು. ಎರಡು ಕಂಬ, ಮೇಲೆರಡು ಅಡ್ಡಪಟ್ಟಿ, ಬಾಗಿಲಿಲ್ಲದ ಬಾಗಿಲು. ಕ್ಯೋತೊದ ಫುಶಿಮಿ ಇನಾರಿಯಲ್ಲಿ ಬೆಟ್ಟದುದ್ದಕ್ಕೂ ಒತ್ತೊತ್ತಾಗಿ ಸಾವಿರಾರು ಕೆಂಪು ತೊರೀಗಳಿರುವ ಚಿತ್ರ ನೀವೆಲ್ಲ ನೋಡಿರುತ್ತೀರಿ. ಮುಂದಿನಿಂದ ಚಿತ್ರ ತೆಗೆಯುತ್ತಾರೆ ಎಲ್ಲರೂ. ಹಿಂದಕ್ಕೆ ತಿರುಗಿ ನೋಡಿದರೆ ಪ್ರತಿ ಕಂಬದ ಮೇಲೂ ಕೊಟ್ಟವರ ಹೆಸರು, ತಾರೀಖು ಕಪ್ಪು ಅಕ್ಷರದಲ್ಲಿ ಇರುತ್ತದೆ. ಅಂಗಡಿಯವರು, ಕಂಪನಿಯವರು ವ್ಯಾಪಾರ ಕುದುರಲಿ ಅಂತ ಕೊಟ್ಟವು.

ಕಸುಬಿನವನಾಗಿ ನನಗೆ ಹುಚ್ಚು ಹಿಡಿಸಿದ ತೊರೀ ಮಾತ್ರ ಇತ್ಸುಕುಶಿಮದ್ದು. ಸಮುದ್ರದಲ್ಲಿ ನಿಂತಿರುವುದು, ಎತ್ತರ 16 ಮೀಟರ್‌ಗೂ ಹೆಚ್ಚು, ಈಗಿರುವುದು 1875ರದ್ದು. ಅದನ್ನು ನೆಲದಲ್ಲಿ ಹೂತಿಲ್ಲ! ಉಬ್ಬರದ ಕೆಸರಿನ ಮೇಲೆ ತನ್ನ ತೂಕದಿಂದಲೇ ನಿಂತಿದೆ. ಮೇಲಿನ ಅಡ್ಡಪಟ್ಟಿ ಒಳಗೆ ಟೊಳ್ಳು ಪೆಟ್ಟಿಗೆ, ಅದರ ತುಂಬ ಮುಷ್ಟಿಗಾತ್ರದ ಕಲ್ಲು, ಟನ್‌ಗಟ್ಟಲೆ. ಗಾಳಿ, ಅಲೆ ತಳ್ಳಿದರೆ ಅಲುಗಾಡದಿರಲಿ ಅಂತ ತಲೆಯ ಮೇಲೆ ಹೊರೆ ಹೊರಿಸಿದ್ದಾರೆ. ನಮ್ಮ ಕಾಲೇಜಿನಲ್ಲಿ ಯಾರಾದರೂ ಈ ಡ್ರಾಯಿಂಗ್ ತೋರಿಸಿದ್ದರೆ ಮೇಷ್ಟ್ರು ಹೊರಗೆ ಕಳಿಸುತ್ತಿದ್ದರು.

ತೊರೀ ದಾಟಿದ ಮೇಲೆ ನೀರಿನ ತೊಟ್ಟಿ. ಇಗೋ, ಈ ಲೋಟವನ್ನೇ ಉದ್ದ ಹಿಡಿಯ ಸೌಟು ಅಂದುಕೊಳ್ಳಿ. ಬಲಗೈಲಿ ನೀರು ಮೊಗೆದು ಎಡಗೈ ತೊಳೆಯಬೇಕು. ಸೌಟು ಎಡಗೈಗೆ ಬದಲಿಸಿ ಬಲಗೈ. ಮತ್ತೆ ಬಲಗೈಗೆ ತಂದು, ಎಡ ಅಂಗೈಯಲ್ಲಿ ನೀರು ಹಿಡಿದು ಬಾಯಿ ಮುಕ್ಕಳಿಸಬೇಕು. ಇನ್ನೊಮ್ಮೆ ಎಡಗೈ. ಕೊನೆಗೆ ಸೌಟನ್ನು ನೆಟ್ಟಗೆ ನಿಲ್ಲಿಸಿದರೆ ಉಳಿದ ನೀರು ಹಿಡಿಯ ಮೇಲೆ ಇಳಿದು ಅದನ್ನೂ ತೊಳೆಯುತ್ತದೆ. ಇಷ್ಟೂ ಒಂದೇ ಸೌಟು ನೀರಿನಲ್ಲಿ! ಮುಂದೆ ಬರುವವನಿಗೆ ಹಿಡಿ ಶುದ್ಧವಾಗಿ ಸಿಗಬೇಕು. ನಾನು ಮೊದಲ ದಿನ ನೀರು ಕುಡಿದುಬಿಟ್ಟಿದ್ದೆ.

ಈ ತೊಳೆಯುವುದರ ಹಿಂದೆ ಒಂದು ಕಥೆ ಇದೆ. ಇಜಾನಾಗಿ ಎಂಬ ಆದಿದೇವ ಸತ್ತ ಹೆಂಡತಿಯನ್ನು ಹುಡುಕಿಕೊಂಡು ಪಾತಾಳಕ್ಕೆ ಹೋದ. ಕೊಳೆತ ದೇಹ ನೋಡಿ ಹೆದರಿ ಓಡಿಬಂದು ಹೊಳೆಯಲ್ಲಿ ಮಿಂದ. ಎಡಗಣ್ಣು ತೊಳೆದಾಗ ಹುಟ್ಟಿದವಳು ಅಮತೆರಾಸು, ಬಲಗಣ್ಣಿನಿಂದ ಚಂದ್ರದೇವ, ಮೂಗಿನಿಂದ ಸುಸಾನೊಒ ಎಂಬ ತುಂಟ. ಅಂದರೆ ಅವರ ದೊಡ್ಡ ದೇವರುಗಳು ಹುಟ್ಟಿದ್ದೇ ಸೂತಕದ ಸ್ನಾನದಲ್ಲಿ. ಸಾವು, ರೋಗ, ರಕ್ತ ಇವುಗಳಿಂದ ಅಂಟುವುದನ್ನು ‘ಕೆಗಾರೆ’ ಎನ್ನುತ್ತಾರೆ. ನಮ್ಮ ‘ಮೈಲಿಗೆ’ ಅದಕ್ಕೆ ಹತ್ತಿರದ ಪದ. ಅದು ಪಾಪವಲ್ಲ, ಧೂಳಿನ ಹಾಗೆ ಕೂರುತ್ತದೆ, ಒರೆಸಿದರೆ ಹೋಗುತ್ತದೆ. ಜೂನ್ 30 ಮತ್ತು ಡಿಸೆಂಬರ್ 31ರಂದು ವರ್ಷಕ್ಕೆರಡು ಸಲ ದೊಡ್ಡ ಶುದ್ಧಿ. ಮನುಷ್ಯಾಕಾರದಲ್ಲಿ ಕತ್ತರಿಸಿದ ಕಾಗದವನ್ನು ಮೈಗೆ ಸವರಿ, ಅದಕ್ಕೆ ಉಸಿರು ಊದಿ ದೇಗುಲಕ್ಕೆ ಕೊಡುತ್ತಾರೆ. ಆರು ತಿಂಗಳ ಮೈಲಿಗೆ ಕಾಗದದ ಜೊತೆ ಹೋಯಿತು. (ಸಭೆಯಲ್ಲಿದ್ದ ಒಬ್ಬರು ತಾಯಿ ‘ಅಲ್ಲೂ ಮೈಲಿಗೆ ಅಂತ ಹೆಣ್ಣುಮಕ್ಕಳನ್ನು ದೂರ ಇಟ್ಟಿದ್ದರಾ?’ ಎಂದು ಕೇಳಿದರು. ಹೌದು, ಇಟ್ಟಿದ್ದರು. ಹೆಂಗಸರಿಗೆ ಹತ್ತಲು ಬಿಡದಿದ್ದ ಪವಿತ್ರ ಬೆಟ್ಟಗಳು ಎಷ್ಟೋ ಇದ್ದವು, 1872ರ ಸರ್ಕಾರಿ ಆಜ್ಞೆಯಿಂದ ಬಹುಪಾಲು ಕಡೆ ಅದು ನಿಂತಿತು. ಧೂಳಿನ ಹೋಲಿಕೆ ಚೆಂದ ಕಾಣುತ್ತದೆ, ಆದರೆ ಆ ಧೂಳು ಎಲ್ಲರ ಮೇಲೂ ಸಮನಾಗಿ ಕೂರಲಿಲ್ಲ.)

ಆಮೇಲೆ ಪ್ರಾರ್ಥನೆ. ಕಾಸು ಹಾಕಿ, ಗಂಟೆ ಬಾರಿಸಿ, ಎರಡು ಸಲ ಬಾಗಿ, ಎರಡು ಚಪ್ಪಾಳೆ ತಟ್ಟಿ, ಮನಸ್ಸಿನಲ್ಲಿ ಹೇಳಿಕೊಂಡು, ಇನ್ನೊಮ್ಮೆ ಬಾಗುವುದು. ಇಜುಮೊ ದೇಗುಲದಂಥ ಕೆಲವೇ ಕಡೆ ನಾಲ್ಕು ಚಪ್ಪಾಳೆ. ಹಳೆಯ ಪಂಚಾಂಗದ ಹತ್ತನೇ ತಿಂಗಳಲ್ಲಿ ದೇಶದ ಕಾಮಿಗಳೆಲ್ಲ ಇಜುಮೊಗೆ ಸಭೆಗೆ ಹೋಗುತ್ತಾರಂತೆ, ಹಾಗಾಗಿ ಉಳಿದ ಊರುಗಳಲ್ಲಿ ಆ ತಿಂಗಳ ಹೆಸರು ‘ದೇವರಿಲ್ಲದ ತಿಂಗಳು’, ಇಜುಮೊದಲ್ಲಿ ‘ದೇವರಿರುವ ತಿಂಗಳು’. ಇನ್ನು ಹುಲ್ಲಿನ ಹಗ್ಗ, ಕಲ್ಲಿನ ಸಿಂಹ, ಭವಿಷ್ಯದ ಚೀಟಿ, ಹರಕೆ ಬರೆದು ನೇತುಹಾಕುವ ಮರದ ಫಲಕ, ಇವೆಲ್ಲ ಹೆಚ್ಚುಕಡಿಮೆ ಎಲ್ಲ ಕಡೆ ಸಿಗುತ್ತವೆ. ತಮಾಷೆ ಎಂದರೆ ಇಸೆಯ ದೊಡ್ಡ ಗುಡಿಯಲ್ಲಿ ಹಗ್ಗವಿಲ್ಲ, ಸಿಂಹವಿಲ್ಲ, ಚೀಟಿಯಿಲ್ಲ, ಗಂಟೆಯಿಲ್ಲ, ಹುಂಡಿಯ ಪೆಟ್ಟಿಗೆಯೂ ಇಲ್ಲ. ಅದು ದೇವರಿಗೆ ಚಕ್ರವರ್ತಿ ಮಾತ್ರ ಕಾಣಿಕೆ ಸಲ್ಲಿಸಬಹುದಾಗಿದ್ದ ಜಾಗ. ಜನ ಸುಮ್ಮನಿರುತ್ತಾರೆಯೇ? ಕಾಸು ಎಸೆಯುತ್ತಾರೆ. ಅದಕ್ಕೆ ನೆಲದ ಮೇಲೊಂದು ಬಿಳಿ ಬಟ್ಟೆ ಹಾಸಿಟ್ಟಿದ್ದಾರೆ.

ಈಗ ಇಪ್ಪತ್ತು ವರ್ಷದ ಸಂಗತಿ. ಇದರ ಹೆಸರು ‘ಶಿಕಿನೆನ್ ಸೆಂಗೂ’. ಗೊತ್ತಾದ ವರ್ಷಕ್ಕೆ ಗುಡಿ ಬದಲಿಸುವುದು ಅಂತ ಅರ್ಥ. ತೆಮ್ಮು ಚಕ್ರವರ್ತಿಯ ಸಂಕಲ್ಪ, ಅವನ ರಾಣಿ ಜಿತೊ ಪಟ್ಟದಲ್ಲಿದ್ದಾಗ 690ರಲ್ಲಿ ಮೊದಲ ಸಲ ನಡೆಯಿತು. 2013ರದ್ದು 62ನೆಯದು. ನಾಯ್ಕೂಗೂ ಗೆಕೂಗೂ ಅಕ್ಕಪಕ್ಕದಲ್ಲಿ ಎರಡೆರಡು ನಿವೇಶನ. ಒಂದರಲ್ಲಿ ಗುಡಿ, ಇನ್ನೊಂದು ಖಾಲಿ. ಖಾಲಿ ನಿವೇಶನದ ತುಂಬ ಬೆಣಚುಕಲ್ಲು ಹಾಸಿ, ಮಧ್ಯೆ ನಾಯಿಗೂಡಿನಷ್ಟೇ ದೊಡ್ಡ ಒಂದು ಮರದ ಗೂಡು ಇಟ್ಟಿರುತ್ತಾರೆ. ಕ್ಷಮಿಸಿ, ಹೋಲಿಕೆ ಚೆನ್ನಾಗಿಲ್ಲ, ಆದರೆ ಗಾತ್ರ ಅಷ್ಟೇ. ಅದರ ಕೆಳಗಿನ ಜಾಗವೇ ಗುಡಿಯ ಹೃದಯಕಂಬ ಎಂಬ ನಡುವಿನ ಪವಿತ್ರ ಕಂಬದ ಜಾಗ. ಮುಂದಿನ ಗುಡಿ ಅದರ ಮೇಲೆಯೇ ಏಳುತ್ತದೆ.

ಗುಡಿಯ ಶೈಲಿ ಹಳೆಯ ಕಾಲದ ಧಾನ್ಯದ ಕಣಜದಿಂದ ಬಂದದ್ದು. ನೆಲದಿಂದ ಎತ್ತರದಲ್ಲಿ ಕೋಣೆ, ನೇರ ಗೆರೆಯ ಹುಲ್ಲಿನ ಮಾಡು, ಬಣ್ಣ ಬಳಿಯದ ಹಿನೊಕಿ ಎಂಬ ಸೈಪ್ರೆಸ್ ಜಾತಿಯ ಮರ. ಕಂಬಕ್ಕೆ ಕೆಳಗೆ ಕಲ್ಲಿಲ್ಲ, ನೇರವಾಗಿ ಮಣ್ಣಿನಲ್ಲಿ ನೆಟ್ಟದ್ದು. ಮಾಡಿನ ಎರಡು ತುದಿಯಲ್ಲಿ ಕತ್ತರಿಯಂತೆ ಎದ್ದು ನಿಂತ ಪಟ್ಟಿಗಳು, ಅವಕ್ಕೆ ಚಿಗಿ ಅಂತ ಹೆಸರು. ನೆತ್ತಿಯ ಮೇಲೆ ಅಡ್ಡಡ್ಡಲಾಗಿ ಮಲಗಿಸಿದ ದುಂಡುಮರಗಳು, ನಾಯ್ಕೂದಲ್ಲಿ 10, ಗೆಕೂದಲ್ಲಿ 9. ಒಳಗುಡಿಯ ಚಿಗಿಯ ತುದಿಯನ್ನು ಅಡ್ಡಕ್ಕೆ ಕೊಯ್ದಿರುತ್ತಾರೆ, ಹೊರಗುಡಿಯದನ್ನು ನೆಟ್ಟಗೆ. ಆಕಾಶಕ್ಕೆ ತೆರೆದ ಮರ, ಮಣ್ಣಿಗೆ ಹೂತ ಕಂಬ, ಹುಲ್ಲಿನ ಹೊದಿಕೆ. ಅದೂ ವಿಪರೀತ ಮಳೆಯ ಸೀಮೆಯಲ್ಲಿ. ಇದು ಬಾಳುವುದಿಲ್ಲ ಅಂತ ಹೇಳಲು ಇಂಜಿನಿಯರ್ ಬೇಕಾಗಿಲ್ಲ. ಕಲ್ಲಿನ ಪೀಠ, ಹೆಂಚಿನ ಮಾಡು ಅವರಿಗೆ ಗೊತ್ತಿರಲಿಲ್ಲವೇ ಅಂದರೆ, ಗೊತ್ತಿತ್ತು. ಅದೇ ಕಾಲದಲ್ಲಿ ನಾರಾ ಸೀಮೆಯಲ್ಲಿ ಬೌದ್ಧ ವಿಹಾರಗಳನ್ನು ಹಾಗೇ ಕಟ್ಟುತ್ತಿದ್ದರು, ಹೊರ್ಯೂಜಿ ಇನ್ನೂ ನಿಂತಿದೆ. ಗೊತ್ತಿದ್ದೂ ಬೇಡ ಅಂದರು.

ಯಾಕೆ ಇಪ್ಪತ್ತು? ಹುಲ್ಲು, ಕಂಬ ಅಷ್ಟೇ ತಾಳುವುದು ಎನ್ನುವವರಿದ್ದಾರೆ. ಕಣಜದಲ್ಲಿ ಒಣಅನ್ನ ಇಡಬಹುದಾದ ಅವಧಿ ಹಳೆಯ ಕಾನೂನಿನಲ್ಲಿ ಇಪ್ಪತ್ತು ವರ್ಷ, ಅದರಿಂದ ಬಂತು ಎನ್ನುವವರಿದ್ದಾರೆ. ಬಡಗಿಗಳ ಲೆಕ್ಕ ಬೇರೆ: ಇಪ್ಪತ್ತರ ಹುಡುಗ ಮೊದಲ ಸಲ ಸಾಮಾನು ಎತ್ತಿಕೊಡುತ್ತಾನೆ, ನಲವತ್ತಕ್ಕೆ ತಾನೇ ಕೆತ್ತುತ್ತಾನೆ, ಅರವತ್ತಕ್ಕೆ ನಿಂತು ಹೇಳಿಕೊಡುತ್ತಾನೆ. ನನಗೆ ಒಪ್ಪಿಗೆ ಆದದ್ದು ಇದೇ. ನಾನು ಲೆಕ್ಕ ಹಾಕಿದ ಕಟ್ಟಡಗಳು ನಿಂತಿವೆ, ಅವನ್ನು ಕಟ್ಟಿದ ಗಾರೆಯವರ ಮಕ್ಕಳಿಗೆ ಗಾರೆ ಕೆಲಸ ಗೊತ್ತಿಲ್ಲ. ಇಸೆಯವರು ಮರವನ್ನು ಕೊಳೆಯಲು ಬಿಟ್ಟು ಕೆಲಸವನ್ನು ಉಳಿಸಿಕೊಂಡಿದ್ದಾರೆ.

ಕಟ್ಟಡ ಮಾತ್ರವಲ್ಲ. ದೇವರ ಬಟ್ಟೆ, ಕತ್ತಿ, ಬಿಲ್ಲು, ಕನ್ನಡಿ, ಕುದುರೆಯ ಜೀನು, ಹೀಗೆ 714 ಬಗೆಯ 1,576 ವಸ್ತುಗಳನ್ನೂ ಹೊಸದಾಗಿ ಮಾಡಬೇಕು. ನೂಲುವವರು, ಬಣ್ಣ ಹಾಕುವವರು, ಅರಗು ಬಳಿಯುವವರು, ಕಮ್ಮಾರರು, ಎಲ್ಲರಿಗೂ ಪಾಳಿ ಬರುತ್ತದೆ. ಒಂದು ಕತ್ತಿಯ ಹಿಡಿಗೆ ತೋಕಿ ಎಂಬ ಹಕ್ಕಿಯ ಎರಡು ಗರಿ ಬೇಕು. ಆ ಹಕ್ಕಿ ಜಪಾನಿನ ಕಾಡಿನಲ್ಲಿ ಅಳಿದೇಹೋಗುವ ಹಂತಕ್ಕೆ ಬಂದಾಗ ಎರಡು ಗರಿಗಾಗಿ ಎಷ್ಟು ಒದ್ದಾಡಿದರೋ.

ಮರದ ವಿಚಾರ ಹೇಳಿದರೆ ಇವತ್ತು ಮುಗಿಯುವುದಿಲ್ಲ. ಹತ್ತು ಸಾವಿರಕ್ಕೂ ಹೆಚ್ಚು ದಿಮ್ಮಿ ಬೇಕು, ದೊಡ್ಡ ಕಂಬಗಳಿಗೆ ಇನ್ನೂರು ಮುನ್ನೂರು ವರ್ಷದ ಹಿನೊಕಿಯೇ ಆಗಬೇಕು. ಹಿಂದೆ ಇಸೆಯ ಬೆಟ್ಟದಲ್ಲೇ ಸಿಗುತ್ತಿತ್ತು, ಕಡಿದು ಕಡಿದು ಮುಗಿಸಿದರು. ಹದಿನೆಂಟನೇ ಶತಮಾನದಿಂದ ಒಳನಾಡಿನ ಕಿಸೊ ಬೆಟ್ಟಗಳಿಂದ ಬರುತ್ತಿದೆ. 1923ರಲ್ಲಿ ಒಂದು ಯೋಜನೆ ಹಾಕಿಕೊಂಡರು: ಇಸೆಯ ಕಾಡಿನಲ್ಲಿ ಹಿನೊಕಿ ನೆಟ್ಟು ಬೆಳೆಸಿ, ಮುಂದೊಂದು ದಿನ ಅಲ್ಲಿಂದಲೇ ಕಂಬ ತರುವುದು. ಅವಧಿ 200 ವರ್ಷ. ನಮ್ಮಲ್ಲಿ ಐದು ವರ್ಷದ ಯೋಜನೆಗೇ ಏದುಸಿರು. 2013ರ ಗುಡಿಗೆ ಬೇಕಾದ ಮರದಲ್ಲಿ ಸುಮಾರು ಕಾಲುಭಾಗ ಆ ಕಾಡಿನಿಂದ ಬಂತು. ಕೃಶವಾಗಿ ಬೆಳೆದವನ್ನು ನಡುನಡುವೆ ತೆಗೆದದ್ದು, ಸಣ್ಣ ತುಂಡುಗಳಿಗೆ. ದೊಡ್ಡ ಕಂಬದ ಮರ ಇನ್ನೂ ಬೆಳೆಯುತ್ತಿದೆ.

ಮೊದಲ ಮರ ಕಡಿಯುವುದೇ ಒಂದು ಪೂಜೆ. ಗರಗಸ ಮುಟ್ಟಿಸುವುದಿಲ್ಲ. ಬುಡದಲ್ಲಿ ಮೂರು ಕಡೆಯಿಂದ ಕೊಡಲಿಯಲ್ಲಿ ಕೊರೆಯುತ್ತಾರೆ, ಒಳಗೆ ಮೂರು ಗೂಡು ಒಂದಕ್ಕೊಂದು ಸೇರುತ್ತವೆ. ಆಗ ಮರ ಮೂರು ಕಾಲಿನ ಮಣೆಯ ಹಾಗೆ ಮೂರು ಪಟ್ಟಿಯ ಮೇಲೆ ನಿಂತಿರುತ್ತದೆ. ಒಂದು ಪಟ್ಟಿಯನ್ನು ಕಡಿದರೆ ಅಂದುಕೊಂಡ ದಿಕ್ಕಿಗೇ ಬೀಳುತ್ತದೆ, ಸೀಳುವುದಿಲ್ಲ. ಬಿದ್ದ ಮರದ ತುದಿಯ ರೆಂಬೆ ತಂದು ಅದೇ ಬೊಡ್ಡೆಯಲ್ಲಿ ಸಿಕ್ಕಿಸಿ ಕೈಮುಗಿಯುತ್ತಾರೆ. ಆಮೇಲೆ ದಿಮ್ಮಿಗಳು ಇಸೆಗೆ ಬರುತ್ತವೆ. ಊರಿನವರು ಬಿಳಿ ಹಗ್ಗ ಕಟ್ಟಿ, ಕೆಲವನ್ನು ಹೊಳೆಯಲ್ಲಿ, ಕೆಲವನ್ನು ಬೀದಿಯಲ್ಲಿ ಬಂಡಿಯ ಮೇಲೆ ‘ಎನ್ಯಾ, ಎನ್ಯಾ’ ಅಂತ ಕೂಗುತ್ತ ಎಳೆಯುತ್ತಾರೆ. ಇದರ ಹೆಸರು ಒಕಿಹಿಕಿ. ದಿಮ್ಮಿಗಳನ್ನು ಕೊಳದಲ್ಲಿ ಮುಳುಗಿಸಿ ಹದ ಮಾಡಿ, ಆಮೇಲೆ ಕೊಯ್ಯುವುದು. ಒಂದು ಗುಡಿಯ ತಯಾರಿ ಎಂಟು ವರ್ಷ ಹಿಡಿಯುತ್ತದೆ.

2013ರ ಆಗಸ್ಟಿನಲ್ಲಿ ನನಗೊಂದು ಅದೃಷ್ಟ ಒದಗಿತು. ಹೊಸ ಗುಡಿ ಸಿದ್ಧವಾದ ಮೇಲೆ, ದೇವರು ಬರುವ ಮೊದಲು, ಊರಿನವರು ಹೊಳೆಯಿಂದ ಆಯ್ದ ಬೆಳ್ಳಗಿನ ಕಲ್ಲುಗಳನ್ನು ಗುಡಿಯ ಸುತ್ತ ಹಾಸುವ ಸೇವೆ ಇದೆ. ಹೊರಗಿನವರಿಗೂ ಒಂದು ದಿನದ ಮಟ್ಟಿಗೆ ಅವಕಾಶ. ನನ್ನ ಸಹೋದ್ಯೋಗಿ ಹೆಸರು ಕೊಟ್ಟಿದ್ದ. ಬಿಳಿ ಅಂಗಿ, ಬಿಳಿ ಪ್ಯಾಂಟು, ಧಾರಾಕಾರ ಬೆವರು. ಕೈಗೆ ಬಿಳಿ ಕರವಸ್ತ್ರದಲ್ಲಿ ಸುತ್ತಿದ ಕಲ್ಲು ಕೊಟ್ಟರು. ಸಾಲಿನಲ್ಲಿ ಒಂದೊಂದೇ ಬೇಲಿ ದಾಟುತ್ತ ಹೋದೆವು. ಇನ್ನು ಇಪ್ಪತ್ತು ವರ್ಷ ನಮ್ಮಂಥವರು ದಾಟಲಾಗದ ಬೇಲಿಗಳು. ಮೊದಲು ಬಂದದ್ದು ವಾಸನೆ. ಹೊಸ ಹಿನೊಕಿಯ ವಾಸನೆ ನಿಂಬೆಸಿಪ್ಪೆಗೂ ಕರ್ಪೂರಕ್ಕೂ ನಡುವೆ ಎಲ್ಲೋ ಇರುತ್ತದೆ. ಆಮೇಲೆ ಬಣ್ಣ. ಅದು ಮರದ ಬಣ್ಣವೇ, ಆದರೆ ಬಿಸಿಲಿನಲ್ಲಿ ಗೋಧಿಯ ತೆನೆಯಂತೆ ಹೊಳೆಯುತ್ತಿತ್ತು. ತೋಪಡ ಹೊಡೆದ ಮೈ ಎಷ್ಟು ನುಣುಪೆಂದರೆ ಎದುರಿನವರ ಬಿಳಿ ಬಟ್ಟೆಯ ನೆರಳು ಅದರಲ್ಲಿ ಕಾಣುತ್ತಿತ್ತು.

ಎಲ್ಲರೂ ಕಲ್ಲು ಇಟ್ಟು ಕೈಮುಗಿಯುತ್ತಿದ್ದರೆ ನನ್ನ ಕಣ್ಣು ಗೋಡೆಯ ಆಚೆ ಒಂಟಿಯಾಗಿ ನಿಂತ ಕಂಬದ ಮೇಲೆ. ಗುಡಿಯ ಎರಡೂ ತುದಿಗೆ, ಗೋಡೆಯಿಂದ ದೂರದಲ್ಲಿ ಅಂಥದ್ದೊಂದು ದಪ್ಪ ಕಂಬ ನಿಂತು ನೆತ್ತಿಯ ತೊಲೆಯನ್ನು ಹೊರುತ್ತದೆ ಅಂತ ಓದಿದ್ದೆ. ನೋಡಿದರೆ ಹೊರುತ್ತಿಲ್ಲ! ಕಂಬದ ತಲೆಗೂ ತೊಲೆಗೂ ನಡುವೆ ಸಂದು. ತಪ್ಪಾಗಿದೆಯಾ ಅಂತ ಎದೆ ಧಸಕ್ಕೆಂದಿತು. ರಾತ್ರಿ ಊಟದ ಹೊತ್ತಿಗೆ ಗೆಳೆಯ ಬಿಡಿಸಿ ಹೇಳಿದ. ಗೋಡೆ ಎಂದರೆ ಕಂಬಗಳಲ್ಲಿ ಕೊರೆದ ಸಂದಿಗೆ ಮೇಲಿಂದ ಇಳಿಸಿದ ದಪ್ಪ ಹಲಗೆಗಳು, ಒಂದರ ಮೇಲೊಂದು. ಈಗ ಮಾಡಿನ ಭಾರ ಅವುಗಳ ಮೇಲಿದೆ. ಹಲಗೆ ಒಣಗುತ್ತ ಅಗಲದಲ್ಲಿ ಕುಗ್ಗುತ್ತವೆ, ಹುಲ್ಲಿನ ಭಾರಕ್ಕೆ ಮಾಡು ಕೂರುತ್ತದೆ, ವರ್ಷಗಳು ಕಳೆದಂತೆ ತೊಲೆ ಇಳಿದು ಕಂಬದ ಮೇಲೆ ಕೂರುತ್ತದೆ. ಅಷ್ಟಕ್ಕೇ ಅಳೆದು ಬಿಟ್ಟ ಸಂದು ಅದು. ಒಂದು ಗುಡಿಯನ್ನು ಮಾತ್ರ ಕಟ್ಟಿದವನಿಗೆ ಆ ಸಂದು ಎಷ್ಟಿರಬೇಕೆಂದು ತಿಳಿಯಲು ಸಾಧ್ಯವಿಲ್ಲ.

ಅಕ್ಟೋಬರ್ 2ರ ರಾತ್ರಿ ದೇವರು ಮನೆ ಬದಲಿಸಿದ್ದನ್ನು ಟೀವಿಯಲ್ಲಿ ನೋಡಿದೆ. ನೋಡಿದೆ ಎನ್ನುವುದೇ ತಪ್ಪು, ದೀಪಗಳನ್ನೆಲ್ಲ ಆರಿಸಿಬಿಡುತ್ತಾರೆ. ಕತ್ತಲಲ್ಲಿ ಒಬ್ಬ ಅರ್ಚಕ ಮೂರು ಸಲ ಕೋಳಿಯ ಹಾಗೆ ಕೂಗುತ್ತಾನೆ, ‘ಕಾಕೆಕೋ’. ಇದು ಪುರಾಣದ ನೆನಪು. ತಮ್ಮನ ಕಾಟ ತಾಳದೆ ಅಮತೆರಾಸು ಗುಹೆ ಹೊಕ್ಕು ಬಂಡೆ ಎಳೆದುಕೊಂಡಾಗ ಲೋಕವೆಲ್ಲ ಕತ್ತಲು. ದೇವತೆಗಳು ಕೋಳಿಗಳನ್ನು ಕೂಗಿಸಿದರು, ಮರಕ್ಕೆ ಕನ್ನಡಿ ನೇತುಹಾಕಿದರು. ಉಜುಮೆ ಎಂಬವಳು ತೊಟ್ಟಿಯೊಂದನ್ನು ಬೋರಲು ಹಾಕಿ ಅದರ ಮೇಲೆ ಸೆರಗು ಜಾರಿದ್ದೂ ತಿಳಿಯದಂತೆ ಕುಣಿದಳು. ಎಲ್ಲರೂ ನಕ್ಕರು. ನಾನಿಲ್ಲದೆ ಇವರಿಗೆಂಥ ನಗು ಅಂತ ಅಮತೆರಾಸು ಇಣುಕಿದಾಗ ಕೈ ಹಿಡಿದು ಎಳೆದುಕೊಂಡರು, ಹಿಂದೆ ಹಗ್ಗ ಕಟ್ಟಿಬಿಟ್ಟರು. ಇಸೆಯಲ್ಲಿರುವುದು ಆ ಕನ್ನಡಿಯೇ ಎಂಬ ನಂಬಿಕೆ. ಕೋಳಿ ಕೂಗಿದ ಮೇಲೆ, ಎಂಟು ಗಂಟೆಗೆ, ಅರ್ಚಕರು ಬಿಳಿ ರೇಷ್ಮೆಯ ಮರೆ ಹಿಡಿದು ಕನ್ನಡಿಯನ್ನು ಹಳೆ ಮನೆಯಿಂದ ಹೊಸ ಮನೆಗೆ ಒಯ್ಯುತ್ತಾರೆ. ಪರದೆಯ ಮೇಲೆ ಕ್ಯಾಮೆರಾಕ್ಕೆ ಸಿಕ್ಕಿದ್ದು ತೇಲುವ ಒಂದು ಬಿಳುಪು, ಕೇಳಿದ್ದು ಜಲ್ಲಿಯ ಮೇಲಿನ ಹೆಜ್ಜೆಸದ್ದು.

ಇದೆಲ್ಲ ಸಾವಿರದ ಮುನ್ನೂರು ವರ್ಷ ತಪ್ಪದೆ ನಡೆದಿದೆ ಎಂದು ಪ್ರವಾಸಿ ಪುಸ್ತಿಕೆಗಳು ಬರೆಯುತ್ತವೆ. ನಂಬಬೇಡಿ. ಹದಿನೈದು, ಹದಿನಾರನೇ ಶತಮಾನದ ಅಂತರ್ಯುದ್ಧದಲ್ಲಿ 120 ವರ್ಷಕ್ಕೂ ಹೆಚ್ಚು ಕಾಲ ನಿಂತೇಹೋಗಿತ್ತು, ಗುಡಿಗಳು ಕುಸಿದಿದ್ದವು. ಮತ್ತೆ ಶುರು ಮಾಡಿಸಿದವರು ಯಾರು ಗೊತ್ತೇ? ಬೌದ್ಧ ಸನ್ಯಾಸಿನಿಯರು. ಸೇಜುನ್ ಎಂಬಾಕೆ ಊರೂರು ತಿರುಗಿ ಕಾಣಿಕೆ ಎತ್ತಿ 1563ರಲ್ಲಿ ಗೆಕೂವನ್ನು ನಿಲ್ಲಿಸಿದಳು. ಅವಳ ನಂತರ ಬಂದ ಶೂಯೊ 1585ರಲ್ಲಿ ನಾಯ್ಕೂವನ್ನೂ ನಿಲ್ಲಿಸಿದಳು. ಇಸೆಯಲ್ಲಿ ಬೌದ್ಧರು ಗುಡಿಯ ಹತ್ತಿರಕ್ಕೂ ಬರುವಂತಿರಲಿಲ್ಲ, ಸನ್ಯಾಸಿಗಳು ದೂರದಲ್ಲಿ ನಿಂತು ಕೈಮುಗಿಯಬೇಕಿತ್ತು. ದೇವಿಯ ಸೇವೆಗಿದ್ದ ರಾಜಕುಮಾರಿಯ ಮನೆಯಲ್ಲಿ ಬೌದ್ಧ ಮಾತುಗಳನ್ನೇ ಆಡುತ್ತಿರಲಿಲ್ಲ: ವಿಹಾರಕ್ಕೆ ‘ಹೆಂಚಿನ ಮಾಡು’ ಎನ್ನುತ್ತಿದ್ದರು, ಬೋಳುತಲೆಯ ಸನ್ಯಾಸಿಗೆ ‘ಉದ್ದಕೂದಲಿನವನು’. ಅಂಥ ಕ್ಷೇತ್ರ ಎದ್ದು ನಿಂತದ್ದು ತಲೆಬೋಳಿಸಿದ ಹೆಂಗಸರಿಂದ.

ಬೇರೆ ಕಡೆ ಬುದ್ಧನೂ ಕಾಮಿಯೂ ಸಾವಿರ ವರ್ಷ ಒಂದೇ ಅಂಗಳದಲ್ಲಿದ್ದರು, ಅವರ ಜೊತೆ ನಮ್ಮ ಕಡೆಯವರೂ ಕೆಲವರು. ಬೌದ್ಧರ ಸಂಗಡ ಸರಸ್ವತಿ ಹೋಗಿ ಬೆಂಜೈತೆನ್ ಆದಳು, ವೀಣೆಯ ಬದಲು ಬೀವಾ ಹಿಡಿದು ನೀರಿನ ಪಕ್ಕದಲ್ಲಿ ನೆಲಸಿದಳು. ಶಿಕೊಕು ದ್ವೀಪದಲ್ಲಿ ಕೊಂಪಿರಾ ಎಂಬ ದೇವರಿಗೆ 785 ಮೆಟ್ಟಿಲು ಹತ್ತಿಹೋಗಬೇಕು, ನಾವಿಕರ ದೇವರು. ಕೊಂಪಿರಾ ಎಂದರೆ ಸಂಸ್ಕೃತದ ಕುಂಭೀರ, ನಮ್ಮ ಹಳಗನ್ನಡ ಓದಿದವರಿಗೆ ಗೊತ್ತು, ಮೊಸಳೆ. ಗಂಗೆಯ ಮೊಸಳೆ ಅಲ್ಲಿ ಬೆಟ್ಟ ಹತ್ತಿ ಕೂತಿದೆ. ಕ್ಯೋತೊದ ಪ್ರಸಿದ್ಧ ಗಿಯೊನ್ ಉತ್ಸವ 869ರ ಪಿಡುಗಿನ ಕಾಲದಲ್ಲಿ ಹುಟ್ಟಿದ್ದು. ಗಿಯೊನ್ ಎಂದರೆ ಶ್ರಾವಸ್ತಿಯಲ್ಲಿ ಬುದ್ಧನಿದ್ದ ಜೇತವನದ ಜಪಾನಿ ಹೆಸರು, ಅಲ್ಲಿ ಪೂಜೆಗೊಳ್ಳುತ್ತಿದ್ದವನು ಜೇತವನವನ್ನು ಕಾಯುವ ಎತ್ತಿನ ತಲೆಯ ದೇವರು. 1868ರಲ್ಲಿ ಹೊಸ ಸರ್ಕಾರ ಬುದ್ಧನನ್ನೂ ಕಾಮಿಯನ್ನೂ ಬೇರೆಮಾಡಿ ಎಂದು ಆಜ್ಞೆ ಹೊರಡಿಸಿತು. ಎತ್ತಿನ ತಲೆಯವನು ಸುಸಾನೊಒ ಆದ, ಗುಡಿಯ ಹೆಸರು ಯಸಾಕಾ ಆಯಿತು. ಎಷ್ಟೋ ಕಡೆ ಬುದ್ಧನ ಮೂರ್ತಿಗಳನ್ನು ಒಡೆದರು, ಸುಟ್ಟರು. ಅರ್ಚಕರು ಸರ್ಕಾರಿ ನೌಕರರಾದರು, ಚಕ್ರವರ್ತಿಯ ಪೂಜೆ ದೇಶಭಕ್ತಿಯ ಪರೀಕ್ಷೆಯಾಯಿತು. ಕೊರಿಯಾದವರನ್ನೂ ಬಲವಂತವಾಗಿ ಗುಡಿಗಳ ಮುಂದೆ ಬಾಗಿಸಿದರು. 1945ರ ಡಿಸೆಂಬರಿನಲ್ಲಿ ಸೋತ ಜಪಾನಿನ ಮೇಲೆ ಹೇರಿದ ಆಜ್ಞೆಯಿಂದ ಸರ್ಕಾರಕ್ಕೂ ಗುಡಿಗೂ ಇದ್ದ ನಂಟು ಕಡಿಯಿತು. ಕಾಡು, ನೀರು, ಶಾಂತಿ ಎಂದಷ್ಟೇ ಶಿಂತೊ ಬಗ್ಗೆ ಮಾತಾಡಿ ಕೂರುವುದು ನನಗೆ ಸರಿ ಕಾಣುವುದಿಲ್ಲ, ಹಾಗಾಗಿ ಇದನ್ನೂ ಹೇಳಿದೆ.

1949ರಲ್ಲಿ ಬರಬೇಕಿದ್ದ ಸೆಂಗೂ ಆಗ ಮುಂದಕ್ಕೆ ಹೋಯಿತು, ದೇಶವೇ ಬೂದಿಯಾಗಿತ್ತು. ಜನ ಸೇತುವೆಯನ್ನಾದರೂ ಹೊಸದು ಮಾಡೋಣ ಅಂತ ಮಾಡಿದರು. 1953ರಲ್ಲಿ ಜನರ ಕಾಣಿಕೆಯಿಂದ ಗುಡಿ ಎದ್ದಿತು. ಅಂದಿನಿಂದ ಸೇತುವೆ ಗುಡಿಗಿಂತ ನಾಲ್ಕು ವರ್ಷ ಮೊದಲು ಹೊಸದಾಗುವುದೇ ಪದ್ಧತಿಯಾಯಿತು. 2013ರದ್ದಕ್ಕೆ ಸುಮಾರು 5,500 ಕೋಟಿ ಯೆನ್ ಖರ್ಚು.

ಇನ್ನೊಂದು ಹೇಳಿ ಮುಗಿಸುತ್ತೇನೆ ಎಂದು ಎರಡು ಹೇಳುತ್ತೇನೆ. ಒಂದು ಅನ್ನದ್ದು. ಗೆಕೂದಲ್ಲಿ ದಿನಕ್ಕೆರಡು ಹೊತ್ತು ದೇವರುಗಳಿಗೆ ಊಟ. ಮರಕ್ಕೆ ಮರ ಉಜ್ಜಿ ಬೆಂಕಿ ಮಾಡಿ, ಅಲ್ಲಿಯ ಬಾವಿಯ ನೀರು ಸೇದಿ, ಅನ್ನ, ಉಪ್ಪು, ನೀರು, ಮೀನು, ಕಡಲಪಾಚಿ, ತರಕಾರಿ, ಹಣ್ಣು, ಸಾಕೆ ಎಂಬ ಅಕ್ಕಿಯ ಮದ್ಯ ಇಡುತ್ತಾರೆ. ಅಕ್ಕಿ ಗುಡಿಯ ಗದ್ದೆಯದು, ಉಪ್ಪು ಫುತಾಮಿ ಕಡಲದಂಡೆಯಲ್ಲಿ ಕಾಯಿಸಿ ಮಣ್ಣಿನ ಅಚ್ಚಿನಲ್ಲಿ ಮುಕ್ಕೋನವಾಗಿ ಸುಟ್ಟದ್ದು. ತಟ್ಟೆ ಮೆರುಗಿಲ್ಲದ ಮಣ್ಣಿನದು, ಒಂದು ಸಲ ಬಳಸಿ ಒಡೆದು ಮಣ್ಣಿಗೆ ಸೇರಿಸುತ್ತಾರೆ. ‘ಆಮೇಲೆ ಆ ಊಟ ಏನು ಮಾಡ್ತಾರೆ?’ ಎಂದು ಹಿಂದಿನ ಸಾಲಿನ ಹುಡುಗ ಕೇಳಿದ. ಅರ್ಚಕರು ಊಟ ಮಾಡ್ತಾರೆ ಕಣಪ್ಪ, ಎಲ್ಲ ಕಡೆಯ ಹಾಗೆ.

ಇನ್ನೊಂದು, ಬಿಚ್ಚಿದ ಗುಡಿಯ ಮರದ್ದು. ಅದನ್ನು ಎಸೆಯುವುದಿಲ್ಲ, ದೇಶದ ಬೇರೆ ಬೇರೆ ದೇಗುಲಗಳಿಗೆ ಹೋಗುತ್ತದೆ. 1995ರ ಭೂಕಂಪದಲ್ಲಿ ನಲುಗಿದ ಕೋಬೆಯ ಇಕುತಾ ದೇಗುಲದ ತೊರೀಗೆ ಇಸೆಯ ಮರ ಹೋಯಿತು. ನಾನು ಸಂದು ನೋಡಿ ಗಾಬರಿಯಾದೆನಲ್ಲ, ಆ ಒಂಟಿಕಂಬದ ದಾರಿಯೇ ಬೇರೆ. ಗೆಕೂದ ಜೋಡಿ ಸೇತುವೆಯ ಹೊರತುದಿಯ ತೊರೀ ಆಗುತ್ತದೆ, ನಾಯ್ಕೂದ ಜೋಡಿ ಒಳತುದಿಯದ್ದಾಗುತ್ತದೆ. ಅಲ್ಲಿ ಇಪ್ಪತ್ತು ವರ್ಷ ನಿಂತ ಮೇಲೆ ಹಳೆಯ ಹೆದ್ದಾರಿಯ ಊರುಗಳಾದ ಕುವಾನಾ, ಸೆಕಿಗಳಿಗೆ ತೊರೀಯಾಗಿ ಹೋಗುತ್ತದೆ.

2025ರ ಮೇ ತಿಂಗಳಲ್ಲಿ 63ನೆಯದರ ಮೊದಲ ಪೂಜೆ ಆಗಿದೆ, ಕಿಸೊದಲ್ಲಿ ಕೊಡಲಿ ಬಿದ್ದಿದೆ, 2033ಕ್ಕೆ ಮನೆ ಬದಲಾವಣೆ. ಊರು ಬಿಡುವ ಮೊದಲು, 2014ರ ಕೊನೆಗೆ, ಇನ್ನೊಮ್ಮೆ ಇಸೆಗೆ ಹೋಗಿದ್ದೆ. ಸೇತುವೆಯ ಒಳತುದಿಯಲ್ಲಿ ಹೊಸ ತೊರೀ. ಹೊಸದಲ್ಲ, ಹಳೆಯ ಕಂಬಗಳನ್ನು ಕೆರೆದು ನಿಲ್ಲಿಸಿದ್ದು. ಮೊದಲ ಸಲ ಬಂದಾಗ ಪರದೆಯಾಚೆ, ನಾಲ್ಕು ಬೇಲಿಗಳ ಒಳಗೆ ಇದ್ದ ಮರ ಅದು. ಜನ ಎರಡೂ ಕಡೆಯಿಂದ ಬರುತ್ತಿದ್ದರು, ಹೋಗುತ್ತಿದ್ದರು. ಒಬ್ಬ ಅಜ್ಜಿ ಕೈಚೀಲವನ್ನು ಅದರ ಬುಡಕ್ಕೆ ಒರಗಿಸಿ, ಕಂಬಕ್ಕೆ ಒಂದು ಕೈ ಕೊಟ್ಟು ನಿಂತು ಬೂಟಿನೊಳಗೆ ಸೇರಿದ ಜಲ್ಲಿಕಲ್ಲು ಕೊಡವುತ್ತಿದ್ದಳು.